ಲಸಿಕೆಗೆ ಸಿಕ್ಕ ಎಂಟು ವಾರ: ಕಿಡ್ನಿ ಕಾಯಿಲೆ ಇದ್ದ ಒಬ್ಬ ಹುಡುಗನ ಪ್ರಕರಣ

2023ರ ಜುಲೈ. ಹುಡುಗನಿಗೆ ನಾಲ್ಕು ವರ್ಷ ಎಂಟು ತಿಂಗಳು. ಹಾಸನ ಜಿಲ್ಲೆಯ ಒಂದು ಹಳ್ಳಿಯವನು. ಗುರುತು ಸಿಗಬಾರದು ಅಂತ ಉಳಿದ ವಿವರ ಬಿಟ್ಟಿದ್ದೇನೆ. ಒಂದು ವಾರದಿಂದ ಮುಖ, ಕಾಲು ಊದಿಕೊಂಡಿದ್ದವು. ಎರಡು ದಿನದಿಂದ ಜ್ವರ. ಹಿಂದಿನ ರಾತ್ರಿಯಿಂದ ಹೊಟ್ಟೆ ನೋವು, ಎರಡು ಸಲ ವಾಂತಿ. ಹೊಟ್ಟೆ ಮುಟ್ಟಿದರೆ ಕಿರುಚುತ್ತಿದ್ದ. ಬೆರಳಿನಿಂದ ಒತ್ತುವುದಕ್ಕಿಂತ ಒತ್ತಿದ ಬೆರಳು ತೆಗೆಯುವಾಗಲೇ ನೋವು ಜಾಸ್ತಿ. ಮಕ್ಕಳ ಡಾಕ್ಟರುಗಳಿಗೆ ಇದು ಕೂಡಲೇ ಎಚ್ಚರಿಸುವ ಲಕ್ಷಣ.

ಮೂತ್ರದ ಪರೀಕ್ಷೆಯಲ್ಲಿ ಪ್ರೋಟೀನ್ 4+, ಅಂದರೆ ಬಹಳ ಜಾಸ್ತಿ, ಬಂತು. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ 1.6 ಇತ್ತು. ಮಾಮೂಲಿಯಾಗಿ ಅದು 3.5ಕ್ಕಿಂತ ಮೇಲಿರಬೇಕು. ಹೊಟ್ಟೆಯಲ್ಲಿ ತುಂಬಿದ್ದ ನೀರನ್ನು ಸೂಜಿಯಿಂದ ಸ್ವಲ್ಪ ತೆಗೆದು ನೋಡಿದೆವು. ನೀರು ಮಬ್ಬಾಗಿತ್ತು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತುಂಬಿದ್ದವು. ಹೊಟ್ಟೆಯ ಒಳಪೊರೆಗೆ ಸೋಂಕು ತಗುಲಿತ್ತು. ಇದನ್ನು ಪೆರಿಟೊನೈಟಿಸ್ ಎನ್ನುತ್ತೇವೆ. ರಕ್ತದ ಕಲ್ಚರ್‌ನಲ್ಲಿ ಎರಡು ದಿನದ ನಂತರ ನ್ಯೂಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು.

ಸೆಫ್‌ಟ್ರಯಾಕ್ಸೋನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ಹತ್ತು ದಿನ ಕೊಟ್ಟೆವು. ಮೂರನೇ ದಿನ ಜ್ವರ ಇಳಿಯಿತು, ಹುಡುಗ ಗಂಜಿ ಕುಡಿದ. ಸೋಂಕು ಹೀಗೆ ಬೇಗ ಹತೋಟಿಗೆ ಬಂತು. ಅದು ಯಾಕೆ ಬಂತು, ಮತ್ತೆ ಬಾರದಂತೆ ಏನು ಮಾಡಬೇಕು ಎನ್ನುವುದಕ್ಕೆ ಮುಂದಿನ ಒಂದು ವರ್ಷ ಬೇಕಾಯಿತು. ಈ ಬರಹ ಆ ವರ್ಷದ ಬಗ್ಗೆ.

ಕಾಯಿಲೆ ಮತ್ತು ಔಷಧಿ, ಎರಡೂ ಒಂದೇ ಕಡೆ ಹೊಡೆಯುತ್ತವೆ

ಹುಡುಗನಿಗೆ ಇದ್ದದ್ದು ನೆಫ್ರೋಟಿಕ್ ಸಿಂಡ್ರೋಮ್. ಸಾಮಾನ್ಯವಾಗಿ ಒಂದರಿಂದ ಆರು ವರ್ಷದ ಒಳಗೆ ಶುರುವಾಗುತ್ತದೆ. ಹುಡುಗರಲ್ಲಿ ಜಾಸ್ತಿ. ಕಿಡ್ನಿಯ ಜರಡಿಯ ಕಣ್ಣು ದೊಡ್ಡದಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರಕ್ಕೆ ಸೋರಿಹೋಗುತ್ತದೆ. ಆಲ್ಬುಮಿನ್ ಕಡಿಮೆಯಾದರೆ ನೀರು ರಕ್ತನಾಳದಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಏಳುವಾಗ ಕಣ್ಣು ಊದಿರುತ್ತದೆ, ಸಂಜೆಗೆ ಕಾಲು.

ಊತ ಕಣ್ಣಿಗೆ ಕಾಣುತ್ತದೆ. ಕಾಣದೇ ಸೋರುವುದು ಐಜಿಜಿ ಎಂಬ ರೋಗನಿರೋಧಕ ಪ್ರೋಟೀನ್. ನ್ಯೂಮೊಕಾಕಸ್‌ನಂಥ, ಸುತ್ತ ಗಟ್ಟಿ ಕವಚ ಇರುವ ಬ್ಯಾಕ್ಟೀರಿಯಾವನ್ನು ಗುರುತು ಹಿಡಿದು ಕೊಲ್ಲಲು ಐಜಿಜಿ ಬೇಕು. ಅದರ ಕೆಲಸಕ್ಕೆ ನೆರವಾಗುವ ಇನ್ನೂ ಕೆಲವು ಪ್ರೋಟೀನ್‌ಗಳೂ ಜೊತೆಗೇ ಹೋಗುತ್ತವೆ. ಹೊಟ್ಟೆಯಲ್ಲಿ ನಿಂತ ನೀರು ಬ್ಯಾಕ್ಟೀರಿಯಾ ಬೆಳೆಯಲು ಒಳ್ಳೆಯ ಜಾಗ. ಇಷ್ಟು ಸಾಲದು ಅಂತ ಈ ಕಾಯಿಲೆಗೆ ಕೊಡುವ ಔಷಧಿ ಪ್ರೆಡ್ನಿಸೋಲೋನ್, ಅಂದರೆ ಸ್ಟೀರಾಯ್ಡ್. ಅದೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿಯೇ ಕೆಲಸ ಮಾಡುತ್ತದೆ. ಬೇರೆ ದಾರಿ ಇಲ್ಲ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಸ್ಟೀರಾಯ್ಡ್ ಚೆನ್ನಾಗಿ ಹಿಡಿಯುತ್ತದೆ, ಪ್ರೋಟೀನ್ ಸೋರುವುದು ನಿಲ್ಲುತ್ತದೆ. ಆದರೆ ಬಹಳ ಮಕ್ಕಳಲ್ಲಿ ಕಾಯಿಲೆ ಮತ್ತೆ ಮತ್ತೆ ಮರುಕಳಿಸುತ್ತದೆ.

ನಮ್ಮ ಹುಡುಗನದೂ ಅದೇ ಕಥೆ. 2022ರ ಜೂನ್‌ನಲ್ಲಿ ಮೊದಲ ಸಲ ಕಣ್ಣು ಊದಿದಾಗ ಅಲರ್ಜಿ ಇರಬೇಕು ಅಂತ ಮನೆಯವರು ಒಂದು ವಾರ ಸಿರಪ್ ಕುಡಿಸಿದ್ದರು. ಮೂತ್ರ ಪರೀಕ್ಷೆಯಾದ ಮೇಲೆ ಕಾಯಿಲೆ ಗೊತ್ತಾಯಿತು. ಆರು ವಾರ ದಿನಾ, ಆಮೇಲೆ ಆರು ವಾರ ದಿನ ಬಿಟ್ಟು ದಿನ ಸ್ಟೀರಾಯ್ಡ್ ಕೊಟ್ಟರು. ಎರಡನೇ ವಾರಕ್ಕೇ ಮೂತ್ರ ಸರಿಹೋಗಿತ್ತು. ನವೆಂಬರ್‌ನಲ್ಲಿ ಮತ್ತೆ ಬಂತು, ಮತ್ತೆ ಮಾತ್ರೆ. ಆಮೇಲೆ ಈ ಜುಲೈ.

ತಾಯಿ ಕಾರ್ಡಿನ ಖಾಲಿ ಜಾಗಗಳು

ಜ್ವರ ಇಳಿದ ಮೇಲೆ ಹುಡುಗನ ತಾಯಿಯ ಹತ್ತಿರ ತಾಯಿ ಕಾರ್ಡ್ ಕೇಳಿದೆ. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಹುಟ್ಟಿದ್ದು 2018ರ ನವೆಂಬರ್. ಒಂಬತ್ತು ತಿಂಗಳವರೆಗಿನ ಲಸಿಕೆಗಳೆಲ್ಲ ತಾರೀಖಿನ ಸಮೇತ ಇದ್ದವು. ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸ್ ಇರಲಿಲ್ಲ. ಅದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಹಾಕಿಸಬೇಕಾದದ್ದು. ಲೆಕ್ಕ ಹಾಕಿದರೆ 2020ರ ಮಾರ್ಚ್‌ನಿಂದ ನವೆಂಬರ್. ಲಾಕ್‌ಡೌನಿನ ಕಾಲ. ಆ ತಿಂಗಳುಗಳಲ್ಲಿ ಎಷ್ಟೋ ಮಕ್ಕಳ ಕಾರ್ಡಿನಲ್ಲಿ ಇದೇ ಸಾಲು ಖಾಲಿ ಉಳಿದಿದೆ.

ನ್ಯೂಮೊಕಾಕಸ್ ಲಸಿಕೆಗೆ ಆ ಕಾರ್ಡಿನಲ್ಲಿ ಜಾಗವೇ ಇರಲಿಲ್ಲ. ಸರ್ಕಾರದ ಉಚಿತ ಲಸಿಕೆ ಪಟ್ಟಿಗೆ ಈ ಲಸಿಕೆ 2017ರಲ್ಲಿ ಹಿಮಾಚಲ ಪ್ರದೇಶ, ಉತ್ತರ ಪ್ರದೇಶ, ಬಿಹಾರದಂಥ ಕಡೆಗಳಲ್ಲಿ ಬಂತು. ಇಡೀ ದೇಶಕ್ಕೆ ಬಂದದ್ದು 2021ರಲ್ಲಿ. ಹುಡುಗನ ತಂಗಿ ಹುಟ್ಟಿದ್ದು 2022ರ ಆಗಸ್ಟ್. ಅವಳ ಕಾರ್ಡಿನಲ್ಲಿ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಮೂರೂ ಡೋಸ್ ಇದ್ದವು. ಒಂದೇ ಮನೆ, ಒಂದೇ ಪಿಎಚ್‌ಸಿ, ಅದೇ ಆಶಾ ಕಾರ್ಯಕರ್ತೆ. ಅಣ್ಣನಿಗೆ ಸಿಗದ ರಕ್ಷಣೆ ತಂಗಿಗೆ ಸಿಕ್ಕಿತ್ತು. ಆದರೆ ಅದರ ಅಗತ್ಯ ಹೆಚ್ಚು ಇದ್ದದ್ದು ಅಣ್ಣನಿಗೆ.

ಖಾಸಗಿಯಾಗಿ ಯಾಕೆ ಹಾಕಿಸಲಿಲ್ಲ ಅಂತ ಕೇಳಿದಾಗ ತಾಯಿ ಹೇಳಿದರು: "ಕಿಡ್ನಿ ಕಾಯಿಲೆ ಮಗು, ಯಾವ ಇಂಜೆಕ್ಷನ್ನೂ ಹಾಕಿಸ್ಬೇಡಿ ಅಂದಿದ್ರು ಮೇಡಂ." ಯಾರು ಅಂದಿದ್ದರು ಎನ್ನುವುದು ಅವರಿಗೇ ನೆನಪಿರಲಿಲ್ಲ.

ಈ ಮಾತು ನಾನು ಬಹಳ ಕಡೆ ಕೇಳಿದ್ದೇನೆ, ಕೇಳಿದಾಗೆಲ್ಲ ಸಂಕಟವಾಗುತ್ತದೆ. ಅದರಲ್ಲಿ ಸ್ವಲ್ಪ ಸತ್ಯ ಇದೆ, ಅದಕ್ಕೇ ಅಷ್ಟು ಹರಡುತ್ತದೆ. ಲಸಿಕೆಗಳಲ್ಲಿ ಎರಡು ಬಗೆ. ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್, ಬಾಯಿಗೆ ಹಾಕುವ ಪೋಲಿಯೋ ಹನಿ, ಇವುಗಳಲ್ಲಿ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಸ್ಟೀರಾಯ್ಡ್ ಜಾಸ್ತಿ ಡೋಸಿನಲ್ಲಿ ನಡೆಯುತ್ತಿರುವಾಗ ಇವನ್ನು ಕೊಡಬಾರದು. ಕುಂದಿದ ವೈರಸ್ಸೇ ಆ ಮಗುವಿಗೆ ಕಾಯಿಲೆ ತರಬಹುದು. ನ್ಯೂಮೊಕಾಕಸ್, ಫ್ಲೂ, ಹೆಪಟೈಟಿಸ್ ಬಿ, ಡಿಪಿಟಿ, ಚುಚ್ಚುವ ಪೋಲಿಯೋ ಲಸಿಕೆ, ಇವುಗಳಲ್ಲಿ ಜೀವಂತವಾದದ್ದು ಏನೂ ಇಲ್ಲ. ಸ್ಟೀರಾಯ್ಡ್ ನಡೆಯುತ್ತಿದ್ದರೂ ಕೊಡಬಹುದು. ಪರಿಣಾಮ ಸ್ವಲ್ಪ ಕಡಿಮೆಯಾಗಬಹುದು, ಅಪಾಯವಿಲ್ಲ. "ಕೆಲವು ಲಸಿಕೆ, ಕೆಲವು ಸಮಯದಲ್ಲಿ ಬೇಡ" ಎನ್ನುವ ಮಾತು ಬಾಯಿಂದ ಬಾಯಿಗೆ ಹೋಗುತ್ತಾ "ಯಾವುದೂ ಬೇಡ" ಆಗಿಬಿಡುತ್ತದೆ. ಈ ಹುಡುಗ ಅದಕ್ಕೆ ಆಸ್ಪತ್ರೆಯಲ್ಲಿ ಹತ್ತು ದಿನ ಕಳೆದ.

ಮೊದಲ ಲಸಿಕೆಗಳು, ಮೊದಲ ಅನುಮಾನ

ಆಗಸ್ಟ್‌ನಲ್ಲಿ ಮೂತ್ರ ಸರಿಯಿತ್ತು, ಸ್ಟೀರಾಯ್ಡ್ ದಿನ ಬಿಟ್ಟು ದಿನಕ್ಕೆ ಇಳಿದಿತ್ತು. ನ್ಯೂಮೊಕಾಕಸ್‌ನ ಪಿಸಿವಿ ಲಸಿಕೆಯ ಮೊದಲ ಡೋಸ್ ಹಾಕಿದೆವು. ಆ ವಯಸ್ಸಿನ ಆರೋಗ್ಯವಂತ ಮಗುವಿಗೆ ಒಂದು ಡೋಸ್ ಸಾಕು. ಇಂಥ ಮಕ್ಕಳಿಗೆ ಎಂಟು ವಾರ ಬಿಟ್ಟು ಇನ್ನೊಂದು ಬೇಕು, ಅದಾಗಿ ಎಂಟು ವಾರಕ್ಕೆ ಇನ್ನಷ್ಟು ಬಗೆಯ ನ್ಯೂಮೊಕಾಕಸ್‌ಗಳನ್ನು ತಡೆಯುವ ಪಿಪಿಎಸ್‌ವಿ 23 ಎಂಬ ಬೇರೆ ಲಸಿಕೆ ಬೇಕು. ಜೊತೆಗೆ ಫ್ಲೂ ಲಸಿಕೆ. ಮೊದಲ ಸಲವಾದ್ದರಿಂದ ಅದೂ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಹಣದ ಮಾತು ಬಂದೇ ಬಂತು. ಈ ಲಸಿಕೆಗಳು ಹೊರಗೆ ದುಬಾರಿ. ಕಾಫಿ ತೋಟದಲ್ಲಿ ಕೂಲಿ ಮಾಡುವ ಮನೆ ಅದು. ತಂದೆ ಸಂಘದಲ್ಲಿ ಸಾಲ ತೆಗೆದು ತಂದರು.

ಅಕ್ಟೋಬರ್ ಮಧ್ಯದಲ್ಲಿ ಪಿಸಿವಿ ಎರಡನೇ ಡೋಸ್ ಆಯಿತು. ನವೆಂಬರ್ ಮೊದಲ ವಾರ ತಾಯಿ ಮನೆಯಲ್ಲೇ ಮೂತ್ರದಲ್ಲಿ ಪರೀಕ್ಷೆಯ ಸ್ಟ್ರಿಪ್ ಅದ್ದಿ ನೋಡಿದಾಗ ಪ್ರೋಟೀನ್ 3+. ಮೂರು ದಿನ ಹಾಗೇ ಬಂತು. ಕಾಯಿಲೆ ಮರುಕಳಿಸಿತ್ತು. ತಂದೆ ಸಿಟ್ಟಿನಲ್ಲಿ ಬಂದರು. "ಸೂಜಿ ಹಾಕಿಸಿದ್ಮೇಲೇ ಹಿಂಗಾಯ್ತು ಮೇಡಂ. ಸಾಲ ಮಾಡಿ ಕಾಯಿಲೆ ತಂದ್ಕೊಂಡಂಗಾಯ್ತು."

ಅವರ ಪ್ರಶ್ನೆ ತಪ್ಪಲ್ಲ. ಡಾಕ್ಟರುಗಳೂ ಅದನ್ನೇ ಕೇಳಿದ್ದಾರೆ. ಬ್ರಿಟನ್‌ನಲ್ಲಿ ಮಕ್ಕಳಿಗೆಲ್ಲ ಮೆನಿಂಗೊಕಾಕಸ್ ಸಿ ಲಸಿಕೆ ಹಾಕಿದ ಮೇಲೆ, ನೆಫ್ರೋಟಿಕ್ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಿತು ಎಂಬ ವರದಿ 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬಹಳ ಜನ ಬೆಚ್ಚಿದರು. ಆಮೇಲೆ ಇಂಗ್ಲೆಂಡಿನಲ್ಲೇ ಆಸ್ಪತ್ರೆ ದಾಖಲೆ ಮತ್ತು ಲಸಿಕೆ ದಾಖಲೆಗಳನ್ನು ಜೋಡಿಸಿ ನೋಡಿದ ಇನ್ನೊಂದು ಅಧ್ಯಯನ 2007ರಲ್ಲಿ ಬಂತು. ಅದರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಈ ಮಕ್ಕಳಲ್ಲಿ ಕಾಯಿಲೆ ಮರುಕಳಿಸಲು ಬಹಳ ಸಲ ನೆಪವಾಗುವುದು ನೆಗಡಿ, ಕೆಮ್ಮಿನಂಥ ವೈರಸ್ ಸೋಂಕು. ಆ ವಾರ ಮನೆಯಲ್ಲಿ ತಂಗಿಗೂ ಇವನಿಗೂ ಮೂಗು ಸುರಿಯುತ್ತಿತ್ತು.

ಒಂದು ಮಗುವಿನಲ್ಲಿ ಯಾವುದು ಕಾರಣ ಅಂತ ಖಚಿತವಾಗಿ ತೋರಿಸುವುದು ಸಾಧ್ಯವಿಲ್ಲ. ಅದನ್ನೇ ತಂದೆಗೆ ಹೇಳಿದೆ. ಲಸಿಕೆಯಿಂದ ಮರುಕಳಿಸಿತು ಅಂತಲೇ ಇಟ್ಟುಕೊಂಡರೂ, ಮಾತ್ರೆಯಿಂದ ಎರಡು ವಾರದಲ್ಲಿ ಪ್ರೋಟೀನ್ ನಿಲ್ಲಿಸಬಹುದು, ಜುಲೈನಲ್ಲಿ ಬಂದಂಥ ಸೋಂಕು ಜೀವ ತೆಗೆಯಬಹುದು ಅಂತಲೂ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಪಿಪಿಎಸ್‌ವಿ ಸದ್ಯಕ್ಕೆ ಬೇಡ ಅಂದರು. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಅವರು ಮುಂದಿನ ತಿಂಗಳು ನಮ್ಮಲ್ಲಿಗೆ ಬರುತ್ತಲೇ ಇರಲಿಲ್ಲ ಅಂತ ನನ್ನ ಅನಿಸಿಕೆ.

ಮನೆಗೆ ಅಮ್ಮ ಬಂದಾಗ

2024ರ ಫೆಬ್ರವರಿ ಕೊನೆಗೆ ಮತ್ತೆ ಪ್ರೋಟೀನ್ ಬಂತು. ನಾಲ್ಕು ತಿಂಗಳಿಂದ ಯಾವ ಲಸಿಕೆಯೂ ಬಿದ್ದಿರಲಿಲ್ಲ. ಇದನ್ನು ನಾನು ಎತ್ತಿ ಆಡಲಿಲ್ಲ, ತಂದೆಯೇ ಗಮನಿಸಿದರು. ಎರಡು ಸಲವೂ ಸ್ಟೀರಾಯ್ಡ್ ದಿನ ಬಿಟ್ಟು ದಿನ 5 ಮಿಲಿಗ್ರಾಂಗೆ ಇಳಿದಾಗಲೇ ಕಾಯಿಲೆ ತಿರುಗಿ ಬಂದಿತ್ತು. ಇದನ್ನು ಸ್ಟೀರಾಯ್ಡ್ ಅವಲಂಬನೆ ಎನ್ನುತ್ತೇವೆ. ಹುಡುಗನ ಮುಖ ದುಂಡಗಾಗಿತ್ತು, ಒಂದು ವರ್ಷದಲ್ಲಿ ಎತ್ತರ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ಬೇರೆ ಔಷಧಿಗೆ ಹೋಗುವ ಸಮಯ ಬಂದಿತ್ತು.

ಸದ್ಯಕ್ಕೆ ದಿನಾ 30 ಮಿಲಿಗ್ರಾಂ ಶುರುವಾಯಿತು. ತೂಕ ಹದಿನೈದು ಕೆಜಿ, ಅಂದರೆ ಕೆಜಿಗೆ 2 ಮಿಲಿಗ್ರಾಂ. ಐದನೇ ದಿನ ತಾಯಿಯ ಫೋನ್. ದೊಡ್ಡಪ್ಪನ ಮಗನಿಗೆ ಅಮ್ಮ ಆಗಿದೆ, ಒಂದೇ ಮನೆ, ನಿನ್ನೆವರೆಗೂ ಒಂದೇ ಚಾಪೆಯಲ್ಲಿ ಮಲಗಿದ್ದರು.

ಚಿಕನ್‌ಪಾಕ್ಸ್ ಆರೋಗ್ಯವಂತ ಮಗುವಿಗೆ ಒಂದು ವಾರದ ತುರಿಕೆ, ಜ್ವರ. ಜಾಸ್ತಿ ಸ್ಟೀರಾಯ್ಡ್‌ನಲ್ಲಿರುವ ಮಗುವಿಗೆ ಅದು ಶ್ವಾಸಕೋಶ, ಲಿವರ್, ಮಿದುಳಿಗೆ ಹರಡಬಹುದು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡುವ ಕಾಯಿಲೆ ಅದು. ಹಾಗಾಗಿ ನಿನ್ನೆವರೆಗೆ ಜೊತೆಗಿದ್ದರು ಎಂದರೆ ತಗುಲಿದೆ ಅಂತಲೇ ಲೆಕ್ಕ. ಈ ಹುಡುಗನಿಗೆ ಆ ಲಸಿಕೆ ಬಿದ್ದಿರಲಿಲ್ಲ. ಸರ್ಕಾರದ ಪಟ್ಟಿಯಲ್ಲಿ ಅದು ಇಲ್ಲ.

ಅಜ್ಜಿ ಬೇವಿನ ಸೊಪ್ಪು ಕಟ್ಟಿದ್ದರು. ಅಮ್ಮ ಬಂದಿರುವ ಮನೆಯಿಂದ ಯಾರೂ ಆಸ್ಪತ್ರೆಗೆ ಹೋಗಬಾರದು ಅಂತ ಹಟ ಹಿಡಿದಿದ್ದರು. ಫೋನಿನಲ್ಲೇ ಅವರ ಜೊತೆ ಮಾತಾಡಿದೆ. "ಅಜ್ಜಿ, ಗುಳ್ಳೆ ಎದ್ದಿರೋ ಮಗೂಗೆ ನೀವು ಮಾಡೋದನ್ನ ಮಾಡಿ. ಇವನಿಗೆ ಇನ್ನೂ ಬಂದಿಲ್ಲ. ಬಾರದಂಗೆ ನೋಡ್ಕೊಳ್ಳೋಣ, ಕಳಿಸ್ಕೊಡಿ." ಬೇವಿನ ಸೊಪ್ಪಿನ ಬಗ್ಗೆ ನಾನು ಏನೂ ಅನ್ನಲಿಲ್ಲ. ಅದರಿಂದ ಯಾರಿಗೂ ತೊಂದರೆ ಇಲ್ಲ. ಗುಳ್ಳೆ ಎದ್ದವರನ್ನು ಬೇರೆ ಇಡುವ ಪದ್ಧತಿ ಅಜ್ಜಿಗೆ ಮೊದಲೇ ಗೊತ್ತಿತ್ತು, ನಮಗೂ ಬೇಕಾದದ್ದು ಅದೇ.

ಇಂಥ ಹೊತ್ತಿನಲ್ಲಿ ಮೊದಲ ಆಯ್ಕೆ ಚಿಕನ್‌ಪಾಕ್ಸ್ ವಿರುದ್ಧದ ವಿಶೇಷ ಇಮ್ಯುನೊಗ್ಲಾಬ್ಯುಲಿನ್ (ಬೇರೆಯವರ ರಕ್ತದಿಂದ ತೆಗೆದ, ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು), ಆದಷ್ಟೂ 96 ಗಂಟೆಯ ಒಳಗೆ. ನಮಗೆ ಅದು ಸಮಯಕ್ಕೆ ಸಿಗುವ ಹಾಗಿರಲಿಲ್ಲ. ಎರಡನೆಯದು ಸಾಮಾನ್ಯ ಇಮ್ಯುನೊಗ್ಲಾಬ್ಯುಲಿನ್, ಕೆಜಿಗೆ 400 ಮಿಲಿಗ್ರಾಂ, ರಕ್ತನಾಳದ ಮೂಲಕ. ಅದು ನಮ್ಮಲ್ಲಿತ್ತು. ಆದರೆ ಅದನ್ನು ಕೊಟ್ಟರೆ ಆಮೇಲೆ ಎಂಟು ತಿಂಗಳು ದಡಾರ ಮತ್ತು ಚಿಕನ್‌ಪಾಕ್ಸ್ ಲಸಿಕೆ ಹಾಕುವ ಹಾಗಿಲ್ಲ. ಬೇರೆಯವರ ರಕ್ತದಿಂದ ಬಂದ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನೂ ಕೊಂದುಹಾಕುತ್ತವೆ. ಈ ಹುಡುಗನಿಗೆ ಆ ಎಂಟು ತಿಂಗಳು ನಮ್ಮ ಹತ್ತಿರ ಇರಲಿಲ್ಲ, ಹೊಸ ಔಷಧಿ ಅಷ್ಟು ಕಾಯುವ ಹಾಗಿರಲಿಲ್ಲ. ಹಾಗಾಗಿ ಮೂರನೆಯ ದಾರಿ ಹಿಡಿದೆವು. ಸಂಪರ್ಕವಾದ ಏಳನೇ ದಿನದಿಂದ ಏಳು ದಿನ ಏಸೈಕ್ಲೋವಿರ್ ಎಂಬ ವೈರಸ್ ತಡೆಯುವ ಔಷಧಿ, ಕೆಜಿಗೆ 20 ಮಿಲಿಗ್ರಾಂನಂತೆ ದಿನಕ್ಕೆ ನಾಲ್ಕು ಸಲ ಬಾಯಿಗೆ. ಒಂದು ಗುಳ್ಳೆ ಕಂಡರೂ ಕೂಡಲೇ ದಾಖಲು, ರಕ್ತನಾಳದ ಮೂಲಕ ಔಷಧಿ, ಅಂತ ಬರೆದುಕೊಟ್ಟೆವು.

ತಂಗಿಗೆ ಆಗ ಒಂದೂವರೆ ವರ್ಷ. ಅವಳಿಗೆ ಮಾರನೇ ದಿನವೇ ಚಿಕನ್‌ಪಾಕ್ಸ್ ಲಸಿಕೆ ಹಾಕಿದೆವು. ಸಂಪರ್ಕವಾಗಿ ಮೂರರಿಂದ ಐದು ದಿನದ ಒಳಗೆ ಹಾಕಿದರೂ ಅದು ಕಾಯಿಲೆ ತಡೆಯಬಲ್ಲದು. ಅವಳನ್ನು ಮೂರು ವಾರ ತಾಯಿಯ ತವರಿಗೆ ಕಳಿಸಿದರು. ಹುಡುಗನಿಗೆ ಗುಳ್ಳೆ ಏಳಲಿಲ್ಲ. ಇಪ್ಪತ್ತೊಂದು ದಿನ ಕಳೆದ ಮೇಲೆ ನಮಗೆಲ್ಲ ಉಸಿರು ಬಂತು.

ಎಂಟು ವಾರ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ತೀರ್ಮಾನ ಮುಂದಿನದು. ಹೊಸ ಔಷಧಿಯಾಗಿ ಮೈಕೋಫಿನೊಲೇಟ್ ಆರಿಸಿದ್ದೆವು. ಅದೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯೇ. ಲೆವಮಿಸೋಲ್ ಇನ್ನೂ ಸೌಮ್ಯ, ಆದರೆ ಇಷ್ಟು ತೀವ್ರ ಸೋಂಕು ಕಂಡ, ಬೆಳವಣಿಗೆ ನಿಂತ ಮಗುವಿಗೆ ಅದು ಸಾಲದು ಅನಿಸಿತು. ಸೈಕ್ಲೋಫಾಸ್ಫಮೈಡ್‌ಗೆ ವಯಸ್ಸು ಚಿಕ್ಕದು. ಮೈಕೋಫಿನೊಲೇಟ್ ಒಮ್ಮೆ ಶುರುವಾದರೆ ಕನಿಷ್ಠ ಒಂದೆರಡು ವರ್ಷ. ಅಷ್ಟೂ ದಿನ ಜೀವಂತ ಲಸಿಕೆಗೆ ಬಾಗಿಲು ಮುಚ್ಚಿದ ಹಾಗೆ. ನಿಲ್ಲಿಸಿದ ಮೇಲೂ ಮೂರು ತಿಂಗಳು ಕಾಯಬೇಕು. ಶಾಲೆಗೆ ಹೋಗುವ ಮಗು, ದಡಾರದ ಒಂದೇ ಡೋಸ್, ಚಿಕನ್‌ಪಾಕ್ಸ್‌ನದು ಒಂದೂ ಇಲ್ಲ. ಹೀಗೇ ಶುರುಮಾಡಿದ್ದರೆ ಪ್ರತಿ ಬೇಸಿಗೆಯೂ ಇದೇ ಭಯ.

ಅದಕ್ಕೇ ಔಷಧಿಯನ್ನು ಬೇಕೆಂದೇ ಮುಂದೂಡಿದೆವು. ಏಪ್ರಿಲ್ ಮಧ್ಯಕ್ಕೆ ಮೂತ್ರ ಸರಿಯಿತ್ತು. ಸ್ಟೀರಾಯ್ಡನ್ನು ಮೆಲ್ಲಗೆ ಇಳಿಸಿ ದಿನ ಬಿಟ್ಟು ದಿನ 10 ಮಿಲಿಗ್ರಾಂನಲ್ಲಿ ನಿಲ್ಲಿಸಿದೆವು. 5ಕ್ಕೆ ಇಳಿದರೆ ಕಾಯಿಲೆ ತಿರುಗುತ್ತದೆ ಅಂತ ಎರಡು ಸಲ ನೋಡಿಯಾಗಿತ್ತು. 10 ಎನ್ನುವುದು ಜೀವಂತ ಲಸಿಕೆಗೆ ಅಡ್ಡಿಯಾಗುವ ಮಟ್ಟಕ್ಕಿಂತ ಸಾಕಷ್ಟು ಕೆಳಗೆ. ಸಾಮಾನ್ಯವಾಗಿ ದಿನಾ 20 ಮಿಲಿಗ್ರಾಂ ಅಥವಾ ಕೆಜಿಗೆ 2 ಮಿಲಿಗ್ರಾಂ, ಹದಿನಾಲ್ಕು ದಿನ ಅಥವಾ ಹೆಚ್ಚು ನಡೆದರೆ ಅದನ್ನು ಜಾಸ್ತಿ ಡೋಸ್ ಎನ್ನುತ್ತೇವೆ. ಅದು ಮುಗಿದು ನಾಲ್ಕು ವಾರವೂ ದಾಟಿತ್ತು.

ತಂದೆಯ ಜೊತೆ ಮತ್ತೆ ಕೂತು ಮಾತಾಡಿದೆ. ಈ ಎಂಟು ವಾರದಲ್ಲಿ ಕಾಯಿಲೆ ಮರುಕಳಿಸಬಹುದು, ಹಾಗಾದರೆ ಲಸಿಕೆ ಅರ್ಧಕ್ಕೆ ನಿಲ್ಲುತ್ತದೆ, ಸ್ಟೀರಾಯ್ಡ್ ಮತ್ತೆ ಏರುತ್ತದೆ ಅಂತ ಮೊದಲೇ ಹೇಳಿದೆ. ಈ ಸಲ ಅವರೇ ಹೇಳಿದರು: "ಸೂಜಿ ಇಲ್ದೇನೂ ಬಂತಲ್ವಾ ಮೇಡಂ. ಹಾಕಿ." ಏಪ್ರಿಲ್‌ನಲ್ಲೇ ಬಾಕಿ ಇದ್ದ ಪಿಪಿಎಸ್‌ವಿ ಆಯಿತು.

ಮೇ ಮೊದಲ ವಾರ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಮತ್ತು ಚಿಕನ್‌ಪಾಕ್ಸ್ ಲಸಿಕೆಯ ಮೊದಲ ಡೋಸ್, ಎರಡೂ ಒಂದೇ ದಿನ, ಒಂದೊಂದು ತೋಳಿಗೆ. ಎರಡು ಜೀವಂತ ಲಸಿಕೆಗಳನ್ನು ಒಂದೇ ದಿನ ಹಾಕಬೇಕು, ಇಲ್ಲದಿದ್ದರೆ ನಾಲ್ಕು ವಾರ ಅಂತರ ಬಿಡಬೇಕು. ನಮಗೆ ವಾರಗಳನ್ನು ಪೋಲು ಮಾಡುವ ಹಾಗಿರಲಿಲ್ಲ. ಚಿಕನ್‌ಪಾಕ್ಸ್ ಎರಡನೇ ಡೋಸಿಗೆ ಈ ವಯಸ್ಸಿನಲ್ಲಿ ಮಾಮೂಲಿ ಅಂತರ ಮೂರು ತಿಂಗಳು. ಅವಸರವಿದ್ದರೆ ನಾಲ್ಕು ವಾರಕ್ಕೂ ಕೊಡಬಹುದು. ಕೊಟ್ಟೆವು. ಅದಾಗಿ ಇನ್ನೂ ನಾಲ್ಕು ವಾರ ಸುಮ್ನೆ ಕಾದೆವು, ಲಸಿಕೆಯ ವೈರಸ್ ತನ್ನ ಕೆಲಸ ಮುಗಿಸಲಿ ಅಂತ. ದಿನಾ ಬೆಳಿಗ್ಗೆ ತಾಯಿ ಸ್ಟ್ರಿಪ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಎರಡನೇ ಡೋಸಾದ ಮೂರನೇ ವಾರ ಎರಡು ದಿನ 1+ ಬಂತು. ಆ ಎರಡು ದಿನ ಅವರ ಮನೆಯಲ್ಲೂ ನಮ್ಮಲ್ಲೂ ನೆಮ್ಮದಿ ಇರಲಿಲ್ಲ. ತಾನಾಗೇ ಹೋಯಿತು. ಜುಲೈ ಮೊದಲ ವಾರ ಮೈಕೋಫಿನೊಲೇಟ್ ಶುರುವಾಯಿತು, 250 ಮಿಲಿಗ್ರಾಂ ದಿನಕ್ಕೆ ಎರಡು ಸಲ.

ಇದೇ ಹೊತ್ತಿಗೆ ರಕ್ತದಲ್ಲಿ ಹೆಪಟೈಟಿಸ್ ಬಿ ಪ್ರತಿಕಾಯ ಅಳೆದೆವು. ಮಗುವಾಗಿದ್ದಾಗ ಪೂರ್ತಿ ಡೋಸ್ ಬಿದ್ದಿದ್ದರೂ ಮಟ್ಟ ರಕ್ಷಣೆಗೆ ಬೇಕಾದ 10ಕ್ಕಿಂತ ಕೆಳಗಿತ್ತು. ಬೂಸ್ಟರ್ ಹಾಕಿದೆವು, ಮಟ್ಟ ಏರಿತು. ಐದು ವರ್ಷಕ್ಕೆ ಬರಬೇಕಾದ ಡಿಪಿಟಿ ಬೂಸ್ಟರ್ ಪಿಎಚ್‌ಸಿಯಲ್ಲೇ ಆಯಿತು. ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡರು, ಅಜ್ಜಿಯೂ ಸೇರಿ. ತಂಗಿಗೆ ಇನ್ನು ಮುಂದೆ ಪೋಲಿಯೋ ಹನಿಗಳ ಬದಲು ಚುಚ್ಚುವ ಲಸಿಕೆ ಅಂತ ತೀರ್ಮಾನಿಸಿದೆವು. ಹನಿಯ ಜೀವಂತ ವೈರಸ್ ಮಗುವಿನ ಮಲದಲ್ಲಿ ಕೆಲವು ವಾರ ಹೊರಬರುತ್ತದೆ, ಅಣ್ಣನಿಗೆ ತಗುಲಬಹುದು. ಇದನ್ನು ಆಶಾ ಕಾರ್ಯಕರ್ತೆಗೆ ಚೀಟಿ ಬರೆದು ತಿಳಿಸಬೇಕಾಯಿತು. ಇಲ್ಲದಿದ್ದರೆ ಪಲ್ಸ್ ಪೋಲಿಯೋ ಭಾನುವಾರ ಅವರು ಮನೆಗೇ ಬರುತ್ತಾರೆ, ಬರಬೇಕಾದದ್ದೂ ಹೌದು.

ಹೊಸ ಔಷಧಿ ಶುರುವಾದ ಮೇಲಿನ ಮೊದಲ ವರ್ಷದಲ್ಲಿ ಕಾಯಿಲೆ ಒಂದು ಸಲ ಮರುಕಳಿಸಿತು, ಡಿಸೆಂಬರ್‌ನಲ್ಲಿ, ಜ್ವರ ಬಂದ ಬೆನ್ನಿಗೆ. ಆಸ್ಪತ್ರೆಗೆ ಸೇರಿಸಬೇಕಾಗಲಿಲ್ಲ. 2025ರ ಬೇಸಿಗೆಗೆ ಸ್ಟೀರಾಯ್ಡ್ ಪೂರ್ತಿ ನಿಂತಿತ್ತು, ಎತ್ತರ ನಾಲ್ಕು ಸೆಂಟಿಮೀಟರ್ ಏರಿತ್ತು. ಆ ಬೇಸಿಗೆ ಯುಕೆಜಿ ತರಗತಿಯಲ್ಲಿ ಮೂರು ಮಕ್ಕಳಿಗೆ ಚಿಕನ್‌ಪಾಕ್ಸ್ ಬಂತು. ಇವನಿಗೆ ಬರಲಿಲ್ಲ.

ಮುಂದೆ ಮೈಕೋಫಿನೊಲೇಟ್ ಸಾಲದೇ ಹೋದರೆ ರಿಟುಕ್ಸಿಮ್ಯಾಬ್ ಬೇಕಾಗಬಹುದು. ಅದು ಪ್ರತಿಕಾಯ ತಯಾರಿಸುವ ಬಿ ಕಣಗಳನ್ನೇ ಆರು ತಿಂಗಳೋ ಅದಕ್ಕೂ ಹೆಚ್ಚೋ ಇಲ್ಲದಂತೆ ಮಾಡುತ್ತದೆ. ಆ ಅವಧಿಯಲ್ಲಿ ಜೀವಂತವಲ್ಲದ ಲಸಿಕೆ ಹಾಕಿದರೂ ಹೆಚ್ಚು ಪ್ರಯೋಜನವಿಲ್ಲ. ಹಾಗಾಗಿ ಹುಡುಗನ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇವೆ: ಫ್ಲೂ ಲಸಿಕೆ ಪ್ರತಿ ವರ್ಷ ಮಳೆಗಾಲದ ಮುಂಚೆ, ಪಿಪಿಎಸ್‌ವಿ ಎರಡನೇ ಡೋಸ್ 2029ರ ಏಪ್ರಿಲ್, ರಿಟುಕ್ಸಿಮ್ಯಾಬ್ ಯೋಚನೆ ಬಂದರೆ ಅದಕ್ಕೆ ನಾಲ್ಕು ವಾರ ಮೊದಲು ಬಾಕಿ ಲಸಿಕೆ ಮುಗಿಸಿ ಹೆಪಟೈಟಿಸ್ ಬಿ ಪರೀಕ್ಷೆ ಮಾಡಬೇಕು. ಅದರ ಒಂದು ನಕಲು ತಾಯಿಯ ಹತ್ತಿರವೂ ಇದೆ.